ಹೆಸರಿಲ್ಲದೆ ಬಂದ ಹಾಡು

ರುದ್ಲೊವ್ಕಾದಲ್ಲಿ ಯಾರಾದರೂ ಸತ್ತರೆ ಅದು ಊರಿಗೆ ತಿಳಿಯುವುದು ಎರಡು ಕಂತಿನಲ್ಲಿ. ಮೊದಲು ಹಾಡು, ಆಮೇಲೆ ಹೆಸರು. ಗ್ರಾಮ ಕಚೇರಿಯಿಂದ ಹೊರಟು, ಹದಿನಾಲ್ಕು ಕಂಬಗಳಿಗೆ ಕಟ್ಟಿದ ಹದಿನಾಲ್ಕು ತಗಡಿನ ಸ್ಪೀಕರುಗಳಲ್ಲಿ ಗಂಡಸರ ಮೇಳವೊಂದು ನಿಧಾನವಾಗಿ ಹಾಡತೊಡಗಿತೆಂದರೆ ಊರು ಇದ್ದಲ್ಲೇ ನಿಲ್ಲುತ್ತದೆ. ಗಂಡಸರು ಟೋಪಿ ತೆಗೆಯುತ್ತಾರೆ. ಹೆಂಗಸರು ಒಲೆಯ ಮೇಲಿದ್ದ ಪಾತ್ರೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಮೂರು ಚರಣದ ಹಾಡು ಮುಗಿಯಲು ನಾಲ್ಕು ನಿಮಿಷ. ಅಷ್ಟರಲ್ಲಿ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಮನೆಮನೆ ಹೊಕ್ಕು, ಯಾರು ಕೆಮ್ಮುತ್ತಿದ್ದರು, ಯಾರನ್ನು ಆಸ್ಪತ್ರೆಗೆ ಒಯ್ದಿದ್ದರು ಎಂದೆಲ್ಲ ನೆನೆದು, ಒಂದು ಹೆಸರನ್ನು ಆರಿಸಿಟ್ಟುಕೊಂಡಿರುತ್ತಾರೆ. ಆಮೇಲೆ ಹೆರ್ಮಿನಾಳ ದನಿ ಬಂದು ಅವರ ಊಹೆ ಸರಿಯೋ ತಪ್ಪೋ ಹೇಳುತ್ತದೆ. ಊಹೆ ಸರಿಯಾದವರ ನಿಟ್ಟುಸಿರಿನಲ್ಲಿ ತುಸು ಸಮಾಧಾನವೂ ಇರುತ್ತದೆ.

ಹೆರ್ಮಿನಾ ಕಚೇರಿಯ ಗುಮಾಸ್ತೆ. ಮೂವತ್ತನಾಲ್ಕು ವರ್ಷದಿಂದ ಊರ ಮೈಕಿನ ದನಿಯೂ ಅವಳದೇ. ಕೋಳಿ ಮಾರುವವನು ಬಂದರೆ ಪೋಲ್ಕಾ ಕುಣಿತದ ಹಾಡು ಹಾಕುತ್ತಾಳೆ, ನೀರು ನಿಂತರೆ, ಕರೆಂಟು ಹೋಗುವುದಿದ್ದರೆ, ಹಿತ್ತಾಳೆ ವಾದ್ಯದ ಬ್ಯಾಂಡು ಹಾಕುತ್ತಾಳೆ, ಸಾವಿಗೆ ಆ ಹಾಡು. ಅಧ್ಯಕ್ಷರು ನಾಲ್ಕು ಜನ ಬದಲಾದರು, ಕ್ಯಾಸೆಟ್ ಪ್ಲೇಯರು ಬದಲಾಗಲಿಲ್ಲ. ಪ್ರತಿ ಬಜೆಟ್ಟಿನಲ್ಲೂ ಹೊಸದು ತರುವ ಮಾತು ಬರುತ್ತದೆ, ಪ್ರತಿ ಸಲವೂ ಚರ್ಚಿನ ಚಾವಣಿ ಅದಕ್ಕಿಂತ ಮೊದಲು ಸೋರುತ್ತದೆ.

ನವೆಂಬರಿನ ಆ ಮಂಗಳವಾರ ಒಂಬತ್ತರಿಂದ ಮೂರರವರೆಗೆ ಕರೆಂಟು ಇರುವುದಿಲ್ಲವೆಂದು ಅವಳು ಹಿಂದಿನ ಎರಡು ದಿನ ಹೇಳಿದ್ದಳು. ಬೆಳಿಗ್ಗೆ ಇನ್ನೊಮ್ಮೆ ನೆನಪಿಸಬೇಕಿತ್ತು. ಆದರೆ ಕೋಳಿಮರಿಯವನು ಬಂದು, ತನ್ನ ಮರಿಗಳ ಬಣ್ಣ, ವಯಸ್ಸು, ಸ್ವಭಾವಗಳನ್ನೆಲ್ಲ ಪ್ರಕಟಣೆಯಲ್ಲಿ ಸೇರಿಸಬೇಕೆಂದು ಹಟ ಹಿಡಿದು ಕೂತ. ಅವನನ್ನು ಎಬ್ಬಿಸುವ ಹೊತ್ತಿಗೆ ಒಂಬತ್ತಕ್ಕೆ ಮೂರೇ ನಿಮಿಷ. ಬ್ಯಾಂಡಿನ ಕ್ಯಾಸೆಟ್ಟು ಆ ದಿನವೇ ಪ್ಲೇಯರಿನ ಹಲ್ಲಿಗೆ ಸಿಕ್ಕಿ, ಟೇಪು ಹೊರಗೆ ಸುರಿಯಿತು. ಹೆರ್ಮಿನಾ ಬೀರುವಿನ ತಳದ ಸೆಳೆಖಾನೆಗೆ ಕೈಹಾಕಿ, ವರ್ಷಗಳಿಂದ ಮುಟ್ಟದ 'ಮೇ ದಿನದ ನಡಿಗೆ ಗೀತೆಗಳು' ಎಂಬ ಡಬ್ಬಿ ತೆಗೆದು, ಒಳಗಿದ್ದ ಕ್ಯಾಸೆಟ್ಟನ್ನು ನೋಡದೆ ತುರುಕಿ ಗುಂಡಿ ಒತ್ತಿದಳು. ಕಿಟಕಿಯಲ್ಲಿ ಬಗ್ಗಿ ಕೋಳಿಮರಿಯವನಿಗೆ, "ಗುರುವಾರ ಬಾ, ಸ್ವಭಾವ ನಾನು ಹೇಳಲ್ಲ" ಅಂದಳು.

ಹೊರಗಿನ ಕಂಬದಿಂದ ಬಂದದ್ದು ನಡಿಗೆ ಗೀತೆಯಲ್ಲ. ಗಂಡಸರ ಮೇಳ ಉಸಿರೆಳೆದುಕೊಂಡು ಹಾಡಲು ಶುರುಮಾಡಿತ್ತು.

ಬೀದಿಯಲ್ಲಿ ಕೋಳಿಮರಿಯವನು ಟೋಪಿ ತೆಗೆದ. ಅವನು ಈ ಊರಿನವನಲ್ಲ, ಆದರೂ ತೆಗೆದ.

ಇದು ಈಗಿನ ಸಾವಿನ ಕ್ಯಾಸೆಟ್ಟೂ ಅಲ್ಲವೆಂದು ಹೆರ್ಮಿನಾಳ ಕಿವಿಗೆ ಎರಡನೆಯ ಸಾಲಿನಲ್ಲಿ ತಿಳಿಯಿತು. ಆ ಸಾಲಿನ ನಡುವೆ ಹಾಡು ನೀರಿನಲ್ಲಿ ಅದ್ದಿ ತೆಗೆದಂತೆ ಒಮ್ಮೆ ತೊಯ್ದು ತೇಲುತ್ತಿತ್ತು. ಹಾಗೆ ತೇಲುತ್ತಿದ್ದದ್ದು ಹಳೆಯ ಟೇಪು, ಹನ್ನೊಂದು ವರ್ಷದ ಹಿಂದೆ ಕಾಣೆಯಾದದ್ದು. ಅದು ಸಿಗಲಿಲ್ಲವೆಂದೇ ಪಕ್ಕದೂರಿನಿಂದ ಹೊಸದಾಗಿ ತುಂಬಿಸಿ ತಂದಿದ್ದಳು. ಅವಳು ಕಿಟಕಿಯಿಂದ ತಿರುಗಿ, ಮೇಜು ಬಳಸಿ, ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಮೊದಲ ಚರಣ ಮುಗಿಯಿತು. ಎರಡನೆಯದರ ಮೊದಲ ಶಬ್ದದಲ್ಲೇ ಕರೆಂಟು ಹೋಯಿತು. ಒಂಬತ್ತು ಗಂಟೆ. ವಿದ್ಯುತ್ ಇಲಾಖೆ ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ದಿನ ಹೇಳಿದ ಹೊತ್ತಿಗೆ ಸರಿಯಾಗಿ ನಡೆದುಕೊಂಡಿತ್ತು.

ಇನ್ನು ನಿಲ್ಲಿಸುವುದಕ್ಕೇನಿದೆ ಎಂದು ಅವಳು ಬೆರಳು ತೆಗೆದಳು. ಅಂದು ಮಾಡಿದ ಎರಡನೆಯ ತಪ್ಪು ಅದು.

ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಊರಿನಲ್ಲಿ ಯಾರೂ ಸತ್ತಿಲ್ಲ, ಮತ್ತು ಊರಿಗೆ ಅದು ಗೊತ್ತಿಲ್ಲ. ಮೈಕು ಸತ್ತಿತ್ತು, ಗುಡ್ಡದ ಮೇಲಿನ ಮೊಬೈಲ್ ಗೋಪುರವೂ ಕರೆಂಟಿನ ಜೊತೆಗೇ ಹೋಗಿತ್ತು, ಅಧ್ಯಕ್ಷರು ಜಿಲ್ಲಾ ಸಭೆಗೆ ಕಾರಿನಲ್ಲಿ ಹೋಗಿದ್ದರು. ಉಳಿದದ್ದು ಅವಳ ಕಾಲು. ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟಳು.

ಮಂಜು ಹೊಳೆಯಿಂದ ಎದ್ದು ಬೇಲಿಗಳವರೆಗೆ ಬಂದು ನಿಂತಿತ್ತು. ಗೇಟುಗೇಟಿಗೂ ಒಬ್ಬೊಬ್ಬರು ನಿಂತು ಕಂಬದ ತುದಿ ನೋಡುತ್ತಿದ್ದರು. ಫ್ರಿಜ್ಜುಗಳು, ಗರಗಸಗಳು, ಟೀವಿಗಳು ಎಲ್ಲ ಒಟ್ಟಿಗೆ ಸುಮ್ಮನಾದ ಊರಿನಲ್ಲಿ ಅವಳ ಬೂಟಿನ ಸದ್ದೊಂದೇ. ಅದು ಯಾರ ಮನೆಯ ಕಡೆಗೆ ತಿರುಗುತ್ತದೆಂದು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆಂದು ಅವಳಿಗೆ ಗೊತ್ತಾಗಿ, ನಡೆಯುವುದೇ ಕಷ್ಟವಾಯಿತು.

ಮೊದಲ ಗೇಟಿನಲ್ಲಿ ಮುದುಕಿ ಫಿಲೊಮೇನಾ, ಎರಡೂ ಕೈಗೆ ಮೊಣಕೈವರೆಗೆ ಹಿಟ್ಟು.

"ಯಾರು ತಾಯಿ?"

"ಯಾರೂ ಸತ್ತಿಲ್ಲ ಫಿಲೊಮೇನತ್ತೆ. ಕ್ಯಾಸೆಟ್ ಬದಲಾಯ್ತು."

"ಆಯ್ತು. ಯಾರು ಅಂತ ಹೇಳು."

"ಯಾರೂ ಇಲ್ಲ ಅಂದ್ನಲ್ಲ."

"ನನಗೆ ಎಂಬತ್ತಾರು. ಯಾರೂ ಸಾಯದೆ ಆ ಹಾಡು ಬಂದಿದ್ದು ನಾನು ಕೇಳಿಲ್ಲ. ನನ್ನ ಹೃದಯಕ್ಕೆ ಆಗಲ್ಲ ಅಂತ ಮುಚ್ಚಿಡ್ತಿದೀಯ. ನನ್ನ ಹೃದಯ ನಿನ್ನದಕ್ಕಿಂತ ಗಟ್ಟಿ ಇದೆ, ಹೇಳು."

"ನಿಮ್ಮಾಣೆ ಯಾರೂ ಇಲ್ಲ."

ಫಿಲೊಮೇನಾ ಅವಳನ್ನು ಕನಿಕರದಿಂದ ನೋಡಿದಳು. "ನಾನಂತೂ ಗಸಗಸೆ ಸುರುಳಿಗೆ ಹಿಟ್ಟು ಕಲಸಿಯಾಯ್ತು. ಸಾವಿನ ಮನೆಗೆ ಬರಿಗೈಲಿ ಹೋಗೋಕಾಗುತ್ತಾ."

"ಯಾವ ಮನೆಗೆ?"

"ನಿಮ್ಮಣ್ಣನ ಮನೆಗೆ ಕಣೇ. ಮೂರು ದಿನದಿಂದ ವೆಂಡೆಲಿನ್ ಮನೆ ಹೊಗೆಗೂಡಲ್ಲಿ ಹೊಗೆ ಇಲ್ಲ. ಊರೆಲ್ಲ ನೋಡಿದೆ. ನೀನು ನೋಡಿರಲ್ಲ, ನೀನು ಆ ಕಡೆ ನೋಡೋದನ್ನ ಬಿಟ್ಟು ಎಷ್ಟು ವರ್ಷ ಆಯ್ತು."

ಹನ್ನೊಂದು, ಎಂದು ಹೆರ್ಮಿನಾ ಬಾಯಿಬಿಟ್ಟು ಹೇಳಲಿಲ್ಲ. ಮೇಲಿನ ಕೇರಿಯ ಕಡೆ ನೋಡಿದಳು. ಮಂಜಿನಲ್ಲಿ ಹೊಗೆಗೂಡೂ ಇರಲಿಲ್ಲ, ಗುಡ್ಡವೂ ಇರಲಿಲ್ಲ.

ಎರಡನೆಯ ಮನೆಯಲ್ಲೂ ವೆಂಡೆಲಿನ್. ಮೂರನೆಯದರಲ್ಲೂ. ಚರ್ಚಿನ ಗಂಟೆ ಬಾರಿಸುವ ಯೋನಾಷ್ ಹಗ್ಗ ಹಿಡಿದು ಬಾಗಿಲಲ್ಲೇ ನಿಂತಿದ್ದ. ಗಂಡಸು ಸತ್ತರೆ ಮೂರು ಮೂರು ಏಟು, ಹೆಂಗಸು ಸತ್ತರೆ ಎರಡೆರಡು. ಯಾವುದೆಂದು ಗೊತ್ತಾಗದೆ ಅವನ ಕೈ ಹಾಗೇ ನಿಂತುಬಿಟ್ಟಿತ್ತು.

"ಬಿಟ್ಬಿಡು ಯೋನಾಷ್, ಯಾರೂ ಇಲ್ಲ."

"ನೋಡಿಬಂದ್ಯಾ?"

"ಏನನ್ನ?"

"ಮೇಲಿನ ಮನೇನ. ನೋಡ್ಕೊಂಡು ಬಂದು ಹೇಳಕ್ಕ, ಅಲ್ಲೀವರ್ಗೂ ಹಗ್ಗ ಹಿಡ್ಕೊಂಡೇ ಇರ್ತೀನಿ. ಏಟು ಮೂರೇ ಇರ್ಬೇಕು ಅನ್ಸುತ್ತೆ."

ಯಾರೂ ಸತ್ತಿಲ್ಲವೆಂದು ಹೊರಟವಳಿಗೆ, ನಾಲ್ಕನೆಯ ಗೇಟು ದಾಟುವಷ್ಟರಲ್ಲಿ, ಅದನ್ನು ತಾನು ಯಾವ ಧೈರ್ಯದ ಮೇಲೆ ಹೇಳುತ್ತಿದ್ದೇನೆಂದು ತಿಳಿಯದಾಯಿತು. ಕಚೇರಿಗೆ ಯಾರೂ ಸಾವಿನ ಸುದ್ದಿ ತಂದಿರಲಿಲ್ಲ, ಅಷ್ಟೇ. ಒಂಟಿಯಾಗಿರುವವನು ತನ್ನ ಸಾವಿನ ಸುದ್ದಿ ತಾನೇ ತಂದುಕೊಡುವುದಿಲ್ಲ.

ಆದರೂ ಅವಳು ಮೇಲಿನ ಕೇರಿಗೆ ನೇರ ಹೋಗಲಿಲ್ಲ. ಕೆಳಗಿನ ಕೇರಿಯ ಅರವತ್ತು ಮನೆಗಳನ್ನೂ ಒಂದೊಂದಾಗಿ ಮುಗಿಸಿದಳು. ಮೇಲಿನ ಕೇರಿಗೆ ಕಾಲಿಟ್ಟಾಗ ಮಧ್ಯಾಹ್ನ ಎರಡು ಗಂಟೆ. ಆ ಕೇರಿಯ ಮೊದಲ ಮನೆ ಕೊರ್ನೆಲ್ ಅವರದು. ಹಿಂದೆ ಹದಿನಾರು ವರ್ಷ ಅಧ್ಯಕ್ಷರಾಗಿದ್ದವರು, ಈಗ ಊರಿನ ಸಮಾಧಿಗಳ ಬಳಿ ಭಾಷಣ ಮಾಡುವವರು. ಟೈ ಕಟ್ಟಿ, ಕಿಟಕಿಯ ಬೆಳಕಿಗೆ ಕೂತು ಬರೆಯುತ್ತಿದ್ದರು.

"ಬಾ ಹೆರ್ಮಿನಾ. ನಿನಗೆ ಸಮಾಧಾನ ಹೇಳೋಕೆ ನಾನೇ ಬರ್ಬೇಕಿತ್ತು. 'ಕಷ್ಟಜೀವಿ, ಮಿತಭಾಷಿ, ಜೇನು ಸಾಕಣೆಯಲ್ಲಿ ನಿಪುಣ.' ಅಷ್ಟು ಸಾಕಲ್ವಾ?"

"ವೆಂಡೆಲಿನ್ ಬದುಕಿದಾನೆ ಅಧ್ಯಕ್ಷರೇ."

"ಹೌದಾ? ನೋಡಿದ್ಯಾ?"

ಅವಳು ಬಾಗಿಲ ಕಡೆ ತಿರುಗಿದಳು.

"ಹೆಸರು ಹೇಳೋಕೆ ನಿನಗೆ ಬಾಯಿ ಬರದೆ ಅರ್ಧಕ್ಕೆ ನಿಲ್ಲಿಸಿದೆ ಅಂದ್ಕೊಂಡೆ," ಕೊರ್ನೆಲ್ ಪೆನ್ನಿಗೆ ಮುಚ್ಚಳ ಹಾಕಿದರು. "ಮನುಷ್ಯ ಒಳ್ಳೆಯವನೇ. ನನ್ನ ಜೊತೆ ಮಾತು ಬಿಟ್ಟ. ನಿನ್ನ ಜೊತೇನೂ ಬಿಟ್ಟ. ನಾವೇನು ಮಾಡಿದ್ವಿ ಹೇಳು? ಏಳನೇ ಕಲಮು. ಮರಣ ಪ್ರಕಟಣೆ ಗ್ರಾಮದ ಕಾಯಂ ನಿವಾಸಿಗಳಿಗೆ ಮಾತ್ರ. ಕಲಮು ಬರೆದದ್ದು ನಾನಲ್ಲ."

"ನೀವೇ ಬರೆದದ್ದು. ಟೈಪ್ ಮಾಡಿದ್ದು ನಾನು."

"ಎಲ್ಲರೂ ಸೇರಿ ಒಪ್ಪಿದ್ದು," ಅಂದರು ಕೊರ್ನೆಲ್, ಹದಿನಾರು ವರ್ಷದ ಅನುಭವದಿಂದ.

ಹಾಫಿಯಾ ಗಡಿಯಾಚೆಯವಳು. ಹತ್ತೊಂಬತ್ತು ವರ್ಷ ವೆಂಡೆಲಿನ್‌ನ ಮನೆಯಲ್ಲಿ ಹೆಂಡತಿಯಂತೆ ಇದ್ದಳು. ಅವಳ ಕಾಗದಪತ್ರಗಳು ಮಾತ್ರ ಬೆಟ್ಟದಾಚೆಯ ಊರಿನಲ್ಲಿದ್ದವು, ಆ ಕಾಗದಗಳಲ್ಲಿ ಒಬ್ಬ ಗಂಡನೂ ಇದ್ದ. ಹಾಗಾಗಿ ರುದ್ಲೊವ್ಕಾದ ಯಾವ ಪಟ್ಟಿಯಲ್ಲೂ ಅವಳಿರಲಿಲ್ಲ. ಊರಿನ ಅರ್ಧ ಜನಕ್ಕೆ ಮೊಟ್ಟೆ ಕೊಡುತ್ತಿದ್ದವಳು, ಚರ್ಚಿನ ಮೇಜಿನ ಹಾಸುಗಳನ್ನೆಲ್ಲ ಇಸ್ತ್ರಿ ಮಾಡುತ್ತಿದ್ದವಳು ಹನ್ನೊಂದು ವರ್ಷದ ಹಿಂದೆ ಸತ್ತ ದಿನ, ಅಣ್ಣ ಬಂದು ತಂಗಿಯ ಮೇಜಿನ ಮುಂದೆ ನಿಂತ. ಹೆರ್ಮಿನಾ ಹಾಡು ಹಾಕಲು ಹೊರಟಳು, ಆಮೇಲೆ ಹಾಕಲಿಲ್ಲ. ಹೂಳುವಾಗ ಆರು ಜನ ಬಂದಿದ್ದರು. ಮಿಕ್ಕವರು ಗೊತ್ತಿರಲಿಲ್ಲ ಅಂದರು. ಮೈಕಿನಲ್ಲಿ ಬರದದ್ದು ಗೊತ್ತಿದ್ದರೂ ಗೊತ್ತಿಲ್ಲವೆನ್ನುವುದು ಆ ಊರಿನಲ್ಲಿ ಸಭ್ಯತೆ.

ವೆಂಡೆಲಿನ್‌ನ ಮನೆ ಕೇರಿಯ ಕೊನೆಯದು, ಸ್ಮಶಾನದ ಬೇಲಿಗೆ ತಾಗಿಕೊಂಡದ್ದು. ಹೊಗೆಗೂಡಿನಲ್ಲಿ ನಿಜವಾಗಿಯೂ ಹೊಗೆಯಿರಲಿಲ್ಲ. ಹೆರ್ಮಿನಾ ಬಾಗಿಲು ಬಡಿದಳು. ಉತ್ತರ ಬರಲಿಲ್ಲ. ಚಿಲಕ ತೆಗೆದೇ ಇತ್ತು.

ಅಡುಗೆಮನೆಯಲ್ಲಿ ಅವಳಣ್ಣ ಕೂತಿದ್ದ. ಕಪ್ಪು ಸೂಟು, ಬಿಳಿ ಅಂಗಿ, ಮೇಲೆ ಓವರ್‌ಕೋಟು, ಮಡಿಲಲ್ಲಿ ಟೋಪಿ. ಮುಖ ನುಣ್ಣಗೆ ಬೋಳಿಸಿಕೊಂಡಿದ್ದ, ಗಲ್ಲದಲ್ಲಿ ರೇಜರು ತಾಗಿ ಒಂದು ಚುಕ್ಕೆ ರಕ್ತ. ಕಣ್ಣುಗಳು ತೆರೆದಿದ್ದವು. ಅವು ಅವಳ ಕಡೆ ತಿರುಗುವವರೆಗಿನ ಒಂದು ಕ್ಷಣ ಹೆರ್ಮಿನಾಳಿಗೆ ಆಮೇಲೆಯೂ ಮರೆಯಲಾಗಲಿಲ್ಲ.

"ಬಂದ್ಯಾ ಮಿಂಕಾ," ಅಂದ ವೆಂಡೆಲಿನ್. ಆ ಹೆಸರಿನಿಂದ ಅವಳನ್ನು ಕರೆಯುವವನು ಅವನೊಬ್ಬನೇ. "ಹೇಳಿ ಹೋಗೋಕೆ ಬರ್ತೀಯ ಅಂದ್ಕೊಂಡಿದ್ದೆ. ಕೂತ್ಕೋ. ಕೂತ್ಕೊಳ್ಳೋಕಾಗುತ್ತಾ ನಿಮ್ಮಂಥೋರಿಗೆ? ಅವಳು ಯಾವತ್ತೂ ಕೂರಲ್ಲ."

ಹೆರ್ಮಿನಾ ನಿಂತೇ ಇದ್ದಳು.

"ಹಾಡು ಬಂತು, ನಿನ್ನ ದನಿ ಬರ್ಲಿಲ್ಲ. ನಿನ್ನ ದನಿ ಬರ್ಲಿಲ್ಲ ಅಂದ್ರೆ ಇನ್ಯಾರು ಸತ್ತಿರ್ಬೇಕು? ಮೈಕಿನ ಮುಂದೇನೇ ಹೋಗಿರ್ತಾಳೆ ಅಂದ್ಕೊಂಡೆ. ನೋವಾಯ್ತಾ?"

ಬದುಕಿದ್ದೇನೆ ಎನ್ನಲು ಅವಳು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಳು. ಹನ್ನೊಂದು ವರ್ಷದಲ್ಲಿ ಅಣ್ಣ ಅವಳೊಡನೆ ಆಡುತ್ತಿರುವ ಮೊದಲ ಮಾತುಗಳು ಇವು, ಮತ್ತು ಇವು ಬದುಕಿದ್ದವಳಿಗೆ ಸಿಗುವ ಮಾತುಗಳಾಗಿರಲಿಲ್ಲ. ಸ್ವಲ್ಪ ಹೊತ್ತು ಸತ್ತಿದ್ದರೆ ಯಾರಿಗೂ ನಷ್ಟವಿಲ್ಲ ಎನಿಸಿತು. ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು.

"ಬದುಕಿದ್ದಾಗ ಬಂದಿದ್ರೆ ಬಾಗಿಲು ತೆಗೀತಿರ್ಲಿಲ್ಲ ನಾನು," ಅಂದ ವೆಂಡೆಲಿನ್. "ಬರ್ಲಿ ಅಂತಾನೂ ಇತ್ತು. ಬಾಗಿಲು ತೆಗೀಬಾರ್ದು, ಆದ್ರೆ ನೀನು ಬಡೀತಾ ಇರ್ಬೇಕು, ಹಾಗೆ. ಬೆಳಿಗ್ಗೆ ಹಾಡು ಬಂದ್ಮೇಲೆ ಅದೆಲ್ಲ ಹೋಯ್ತು. ಶೇವ್ ಮಾಡ್ಕೊಂಡೆ."

"ಮನೆ ತಣ್ಣಗಿದೆ," ಅಂದಳು ಹೆರ್ಮಿನಾ, ಸತ್ತವಳಿಗೆ ತಕ್ಕ ಸಣ್ಣ ದನಿಯಲ್ಲಿ.

"ಕರೆಂಟಿನ ಹೀಟರು ತಂದೆ ಭಾನುವಾರ. ಕರೆಂಟು ಇಲ್ಲ." ಅವನು ಟೋಪಿಯ ಅಂಚನ್ನು ತಿರುಗಿಸುತ್ತ ಕೂತ. "ನಿನಗೊಂದು ಹೇಳ್ಬೇಕಿತ್ತು. ಈಗ ಹೇಳ್ಬಹುದು, ನೀನೂ ಆ ಕಡೆಯವಳಾದೆ. ಹಾಫಿಯಾ ಬರ್ತಾಳೆ. ದಿನಾ ಅಲ್ಲ. ಹಾಡು ಬಂದಾಗ ಮಾತ್ರ. ಮೊದಲ ಸಾಲಿಗೆ ಆ ಕಿಟಕಿ ಹತ್ರ ಬಂದು ನಿಲ್ತಾಳೆ, ಕಂಬ ಕಾಣುತ್ತಲ್ಲ ಅಲ್ಲಿ. ಹಾಡು ಪೂರ್ತಿ ಕೇಳ್ತಾಳೆ. ಆಮೇಲೆ ನೀನು ಹೆಸ್ರು ಹೇಳ್ತೀಯ, ಬೇರೆ ಯಾರ್ದೋ. ಹೋಗ್ತಾಳೆ. ನಲವತ್ತಮೂರು ಸಲ ಆಯ್ತು. ಬೇಜಾರು ಮಾಡ್ಕೊಂಡ ಹಾಗೆ ಕಾಣಲ್ಲ. ಪೋಸ್ಟಿನವನಿಗೆ ಕಾಯೋರು ಇರ್ತಾರಲ್ಲ, ಹಾಗೆ."

ಕಿಟಕಿ ಹೆರ್ಮಿನಾಳ ಎಡಕ್ಕಿತ್ತು. ಅವಳು ಬಲಕ್ಕೆ, ಒಲೆಯ ಕಡೆ, ನೋಡುತ್ತಿದ್ದಳು.

"ಇವತ್ತು ಹೆಸ್ರೇ ಬರ್ಲಿಲ್ಲ," ಅಂದ ವೆಂಡೆಲಿನ್. "ಅವಳು ಇನ್ನೂ ಹೋಗಿಲ್ಲ."

ಎಡಗೆನ್ನೆಗೆ ತಂಪು ತಾಗಿತು. ಹಳೆಯ ಕಿಟಕಿ, ಸಂದಿನಿಂದ ಗಾಳಿ ಬರುತ್ತದೆ, ಎಂದು ಹೆರ್ಮಿನಾ ಕಚೇರಿಯ ಟಿಪ್ಪಣಿಯಂತೆ ಮನಸ್ಸಿನಲ್ಲಿ ಬರೆದುಕೊಂಡಳು. ಆದರೆ ಆ ಕಡೆ ತಿರುಗಲಿಲ್ಲ. ಏನಾದರೂ ಹಿಡಿದುಕೊಳ್ಳಬೇಕೆನಿಸಿ ಕೈಯನ್ನು ಜೇಬಿಗೆ ಹಾಕಿದಳು. ಡಬ್ಬಿ ಸಿಕ್ಕಿತು. ಬೆರಳು ತಾನಾಗಿಯೇ ಅದರ ಮುಚ್ಚಳ ತೆರೆದು ಮುಚ್ಚಿ ತೆರೆಯಿತು, ಒಳಗಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದು ಮಡಿಲಿಗೆ ಬಿತ್ತು.

ಬಿಡಿಸುವ ಮುಂಚೆಯೇ ಅದೇನೆಂದು ಅವಳಿಗೆ ನೆನಪಾಯಿತು. ಆ ದಿನ ಕ್ಯಾಸೆಟ್ಟು ಹಾಕಿಯಾಗಿತ್ತು, ಪ್ರಕಟಣೆ ಟೈಪ್ ಮಾಡಿಯಾಗಿತ್ತು, ಬೆರಳು ಗುಂಡಿಯ ಮೇಲಿತ್ತು. ಕೊರ್ನೆಲ್ ನಿಯಮಾವಳಿ ಹಿಡಿದು ಕೋಣೆಯಿಂದ ಹೊರಬಂದರು. ಅವರ ಕಣ್ಣಿಗೆ ಬೀಳದಂತೆ ಅವಳು ಕ್ಯಾಸೆಟ್ಟನ್ನೂ ಕಾಗದವನ್ನೂ ಕೈಗೆ ಸಿಕ್ಕ ಡಬ್ಬಿಯಲ್ಲಿ ತುರುಕಿ ತಳದ ಸೆಳೆಖಾನೆಗೆ ತಳ್ಳಿದ್ದಳು. ಕಳೆದುಹೋಯಿತು ಎಂದು ಆಮೇಲೆ ಎಲ್ಲರಿಗೂ ಹೇಳಿ, ಕಡೆಗೆ ತಾನೂ ನಂಬಿದ್ದಳು.

ಕಾಗದವನ್ನು ಮೇಜಿನ ಮೇಲೆ ಅಣ್ಣನ ಕಡೆಗೆ ಸರಿಸಿದಳು. ವೆಂಡೆಲಿನ್ ಅದನ್ನು ತೋಳಿನಷ್ಟು ದೂರ ಹಿಡಿದು ಓದಿದ. ಓದಿ, ತಾರೀಖು ನೋಡಿ, ಮತ್ತೆ ಮೊದಲಿನಿಂದ ಓದಿದ. ಕೊಡಲು ಕೈಚಾಚಿದಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವನು ಅವಳ ಮಣಿಕಟ್ಟನ್ನು ಹಿಡಿದುಕೊಂಡು, ಕರು ಕೊಳ್ಳುವವನ ಹಾಗೆ ನಾಡಿ ನೋಡಿದ.

"ನೀನು ಬೆಚ್ಚಗಿದೀಯ."

"ಹ್ಞೂಂ."

"ಸತ್ತಿಲ್ಲ."

"ಇಲ್ಲ ಅಣ್ಣ."

"ಮೊದಲೇ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಮಾತು ನಿಲ್ಲಿಸ್ತಿದ್ದೆ."

ಅವನು ಅದನ್ನು ಯೋಚಿಸಿದ. ನಿಲ್ಲಿಸುತ್ತಿದ್ದೆ ಎಂಬುದು ಮುಖದಲ್ಲೇ ಕಾಣಿಸಿತು. ಕೈ ಬಿಡಲಿಲ್ಲ. "ಹಾಗಾದ್ರೆ ಯಾರಿಗೆ ಹಾಕಿದ್ದು ಆ ಹಾಡು?"

ಗೋಡೆ ಗಡಿಯಾರದಲ್ಲಿ ಮೂರಕ್ಕೆ ಇಪ್ಪತ್ತು ನಿಮಿಷವಿತ್ತು. ಹೆರ್ಮಿನಾಳಿಗೆ ಆಗ ತನ್ನ ಬೆರಳು ನೆನಪಾಯಿತು, ಗುಂಡಿಯ ಮೇಲಿಟ್ಟು ಒತ್ತದೆ ತೆಗೆದ ಬೆರಳು. ಹಳೆಯ ಪ್ಲೇಯರು, ಒತ್ತಿದ ಗುಂಡಿ ಒತ್ತಿದ ಹಾಗೇ ಕೂತಿರುತ್ತದೆ. ಕರೆಂಟು ಬಂದ ಕೂಡಲೆ ಹಾಡು ನಿಂತಲ್ಲಿಂದ ಮುಂದುವರಿಯುತ್ತದೆ. ಎರಡು ಚರಣ, ಎರಡೂವರೆ ನಿಮಿಷ. ಆಮೇಲೆ ಇಡೀ ಊರು ಹೆಸರಿಗೆ ಕಾಯುತ್ತದೆ, ಮೈಕಿನ ಮುಂದೆ ಯಾರೂ ಇರುವುದಿಲ್ಲ.

"ನೀನೂ ಬಾ," ಅಂದಳು, ಕಾಗದ ತೆಗೆದುಕೊಂಡು ಎದ್ದು.

"ನಾನು ಇಲ್ಲಿರ್ತೀನಿ. ಅವಳ ಜೊತೆ ಯಾರಾದ್ರೂ ಇರ್ಬೇಕಲ್ಲ."

ಹೋಗುವಾಗ ಕಿಟಕಿಯನ್ನು ದಾಟಿಯೇ ಹೋಗಬೇಕಿತ್ತು. ಹೆರ್ಮಿನಾ ಯಾರಿಗೋ ದಾರಿ ಬಿಡುವವಳಂತೆ ತುಸು ಪಕ್ಕಕ್ಕೆ ಸರಿದು ದಾಟಿದಳು.

ಅರವತ್ತೆರಡು ವರ್ಷದ ಮೊಣಕಾಲುಗಳಿಗೆ ಇಳಿಜಾರು ಏರಿಗಿಂತ ಕಷ್ಟ. ಬೆಳಿಗ್ಗೆ ಹೇಳಿದ ಹೊತ್ತಿಗೆ ಹೋಗಿದ್ದ ಕರೆಂಟು, ಹತ್ತು ನಿಮಿಷ ಮುಂಚೆ ಬಂದು ತನ್ನ ಹಳೆಯ ಹೆಸರು ಉಳಿಸಿಕೊಂಡಿತು. ಕಚೇರಿ ಇನ್ನೂ ಇನ್ನೂರು ಹೆಜ್ಜೆಯಿರುವಾಗ ಅವಳ ತಲೆಯ ಮೇಲಿನ ಕಂಬ ಗಂಟಲು ಸರಿಮಾಡಿಕೊಂಡಿತು, ಗಂಡಸರ ಮೇಳ ಆರು ತಾಸು ಹಿಡಿದಿದ್ದ ಉಸಿರನ್ನು ಬಿಟ್ಟು, ಬಿಟ್ಟ ಶಬ್ದದಿಂದಲೇ ಮುಂದೆ ಹಾಡಿತು. ಮಂಜಿನೊಳಗೆ ಹದಿನಾಲ್ಕು ಕಡೆಯಿಂದ ಒಂದೇ ದನಿ. ಜನ ಮತ್ತೆ ಗೇಟಿಗೆ ಬಂದರು, ಮತ್ತೆ ಟೋಪಿ ತೆಗೆದರು. ಅವರ ನಡುವೆ, ಸಾವಿನ ಹಾಡು ಬರುತ್ತಿರುವಾಗ ಯಾರೂ ಓಡದ ಬೀದಿಯಲ್ಲಿ, ಹೆರ್ಮಿನಾ ಓಡಿದಳು.

ಕೊರ್ನೆಲ್ ಅವಳ ಹಿಂದೆಯೇ ಇಳಿದು ಬಂದಿದ್ದರು. ಕಚೇರಿಯ ಮೆಟ್ಟಿಲ ಬಳಿ ಅವಳ ಕೈಯಲ್ಲಿದ್ದ ಕಾಗದ ನೋಡಿದರು. ತಮ್ಮ ಕಾಲದ ಟೈಪ್‌ರೈಟರಿನ ಅಕ್ಷರ ಅವರಿಗೆ ದೂರದಿಂದಲೇ ಗುರುತು ಸಿಕ್ಕಿತು.

"ಹೆರ್ಮಿನಾ. ಏಳನೇ ಕಲಮು ಇನ್ನೂ ರದ್ದಾಗಿಲ್ಲ."

"ಆಗಿಲ್ಲ ಅಧ್ಯಕ್ಷರೇ," ಅಂದು ಅವಳು ಒಳಗೆ ಹೋಗಿ ಬಾಗಿಲಿಗೆ ಅಗುಳಿ ಹಾಕಿದಳು.

ಮೂರನೆಯ ಚರಣ ಮುಗಿಯಿತು. ಸ್ಪೀಕರುಗಳಲ್ಲಿ ಬರಿಯ ಗುಂಯ್ ಎನ್ನುವ ಸದ್ದು, ಊರು ಬೆಳಿಗ್ಗೆಯಿಂದ ಕಾಯುತ್ತಿದ್ದ ಸದ್ದು. ಹೆರ್ಮಿನಾ ಮೈಕು ಹತ್ತಿರಕ್ಕೆಳೆದು, ಏದುಸಿರು ಇಳಿಯುವವರೆಗೂ ಕಾದಳು. ಆಮೇಲೆ ಕಾಗದದಲ್ಲಿದ್ದುದನ್ನು ಇದ್ದ ಹಾಗೇ ಓದಿದಳು. ನಮ್ಮೂರಿನ ಹಾಫಿಯಾ, ವೆಂಡೆಲಿನ್ ಅವರ ಮನೆಯವರು, ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಮ್ಮನ್ನಗಲಿದರೆಂದು ದುಃಖದಿಂದ ತಿಳಿಸುತ್ತೇವೆ. ತಾರೀಖನ್ನೂ ಓದಿದಳು, ಹನ್ನೊಂದು ವರ್ಷದ ಹಿಂದಿನದು. ಸಂಸ್ಕಾರಕ್ಕೆ ಎಲ್ಲರೂ ಬರಬೇಕೆಂದು ಕೋರಿದ ಸಾಲನ್ನೂ ಬಿಡಲಿಲ್ಲ.

ಬೀದಿಯಲ್ಲಿ ಟೋಪಿಗಳು ಕೈಯಲ್ಲೇ ಉಳಿದವು. ಕೊನೆಗೆ ಗಂಟೆ ಬಿತ್ತು. ಎರಡು. ಬಿಡುವು. ಎರಡು.

ಸಾವಿನ ಪ್ರಕಟಣೆಯಾದ ಮೇಲೆ ಉಳಿದ ಪ್ರಕಟಣೆಗಳನ್ನು ಓದುವುದು ವಾಡಿಕೆ. ಹೆರ್ಮಿನಾಳ ಕೈ ವಾಡಿಕೆಯಂತೆ ಮುಂದಿನ ಕಾಗದಕ್ಕೆ ಹೋಯಿತು. ಗುರುವಾರ ಹತ್ತು ಗಂಟೆಗೆ ಅಂಗಡಿಯ ಮುಂದೆ ಕೋಳಿಮರಿ ಮಾರಾಟ, ಕೆಂಪು ಮತ್ತು ಚುಕ್ಕೆ ಬಣ್ಣದವು, ಎಂಟು ವಾರದವು ಎಂದು ಓದಿದಳು. ಯಾಕೋ ತಡೆದು, ಸಾಧು ಸ್ವಭಾವದವು ಎಂದೂ ಸೇರಿಸಿ ಮೈಕು ಆರಿಸಿದಳು.

ನಾಲ್ಕು ಗಂಟೆಗೆ ಅವಳು ಮತ್ತೆ ಗುಡ್ಡ ಹತ್ತಿದಾಗ ಫಿಲೊಮೇನಾ ಬಿಸಿ ಗಸಗಸೆ ಸುರುಳಿಯ ತಟ್ಟೆ ಹೊತ್ತು ಮುಂದೆ ಹೋಗುತ್ತಿದ್ದಳು. ಅವಳ ಹಿಂದೆ ಇನ್ನೂ ಏಳೆಂಟು ಜನ, ಕಪ್ಪು ಬಟ್ಟೆಯಲ್ಲಿ. ಗೊತ್ತಿರಲಿಲ್ಲವೆಂದು ಆಗ ಹೇಳಿದವರಿಗೆ ಈಗ ಗೊತ್ತಾಗಿತ್ತು. ವೆಂಡೆಲಿನ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕುತ್ತಿದ್ದ. ಒಳಗೆ ಹೀಟರು ಕೆಂಪಗೆ ಉರಿಯುತ್ತಿತ್ತು.

ಹೆರ್ಮಿನಾ ಕೊನೆಯವಳಾಗಿ ಬಂದು ಅವನ ಪಕ್ಕದಲ್ಲಿ ನಿಂತಳು. ಈ ಸಲ ಕಿಟಕಿಯ ಕಡೆ ನೋಡಿದಳು. ಗಾಜು, ಆಚೆ ಮಂಜು, ಮಂಜಿನಲ್ಲಿ ಕಂಬ.

"ಹೋದ್ಲಾ?" ಮೆಲ್ಲಗೆ ಕೇಳಿದಳು.

"ಹೋದ್ಲು," ಅಂದ ವೆಂಡೆಲಿನ್. "ತಕ್ಷಣ ಹೋಗ್ಲಿಲ್ಲ. ಕೋಳಿಮರಿ ವಿಷ್ಯ ಮುಗಿಯೋವರ್ಗೂ ನಿಂತು ಕೇಳಿಸ್ಕೊಂಡ್ಲು."